ಕೊನೇ ರೀಲು ಎಲ್ಲಿ ಹೋಯ್ತು?

ಹೋದ ಸಂಚಿಕೆಯಲ್ಲಿ ‘ದೆವ್ವದ ಸಿನಿಮಾ ಬಗ್ಗೆ ಏನು ಬೇಕಾದರೂ ಕೇಳಿ’ ಎಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು. ಸಿನಿಮಾ ಚೆನ್ನಾಗಿ ಓಡುತ್ತಿತ್ತು, ಎದೆ ಢವಢವ ಅನ್ನುತ್ತಿತ್ತು, ಅಷ್ಟರಲ್ಲಿ ಪರದೆ ಕಪ್ಪಾಯಿತು, ಹೆಸರುಗಳು ಬಂದವು, ಮುಗಿದೇ ಹೋಯಿತು. ಇದೆಂಥ ಅನ್ಯಾಯ ಅಂತ.

ಹೊಸ ಓದುಗರಿಗೆ ಒಂದು ಮಾತು. ನಾನು ವಿಮರ್ಶಕನಲ್ಲ. ಅರಸೀಕೆರೆ ಕಡೆಯ ಒಂದು ಟಾಕೀಸಿನಲ್ಲಿ 19 ವರ್ಷ ಪ್ರೊಜೆಕ್ಟರ್ ಓಡಿಸಿದವನು. ಸಿನಿಮಾ ನೋಡಿದ್ದು ಕ್ಯಾಬಿನ್ನಿನ ಚೌಕ ಕಿಂಡಿಯಿಂದ. ಅಲ್ಲಿಂದ ಪರದೆಗಿಂತ ಜನರ ತಲೆಗಳೇ ಚೆನ್ನಾಗಿ ಕಾಣುತ್ತವೆ. ಹಾಗಾಗಿ ನನ್ನ ಉತ್ತರಗಳೂ ಅಲ್ಲಿಂದಲೇ ಬರುತ್ತವೆ.

ಅಣ್ಣ, ‘ಈವಿಲ್ ಡೆಡ್’ ಕೊನೆಯಲ್ಲಿ ಹೀರೋ ಬದುಕಿದನಾ, ಸತ್ತನಾ? ಹೀಗೆ ಅರ್ಧಕ್ಕೆ ನಿಲ್ಲಿಸೋದು ಟಿಕೆಟ್ ಕೊಂಡವರಿಗೆ ಮೋಸ ಅಲ್ವಾ? — ಕಾಲೇಜು ವಿದ್ಯಾರ್ಥಿ, ಹಾಸನ

ತಮ್ಮಾ, ಬದುಕಿದ. 1987ರಲ್ಲಿ ಬಂದ ಎರಡನೇ ಭಾಗದಲ್ಲೂ ಅವನೇ ಹೀರೋ. ಆದರೆ 1981ರ ಮೊದಲ ಭಾಗ ನೋಡಿ ಎದ್ದವರಿಗೆ ಅದು ಹೇಗೆ ಗೊತ್ತಾಗಬೇಕು? ಕಾಡಿನ ಮನೆಯಲ್ಲಿ ರಾತ್ರಿಯಿಡೀ ದೆವ್ವಗಳ ಜೊತೆ ಹೊಡೆದಾಡಿದ ಹುಡುಗ ಬೆಳಗಿನ ಜಾವ ಹೊರಗೆ ಬರುತ್ತಾನೆ. ಬೆಳಕು ಹರಿದಿದೆ. ಸದ್ಯ, ಉಳಿದುಕೊಂಡ ಅಂತ ನಾವು ಕುರ್ಚಿಗೆ ಬೆನ್ನು ಒರಗಿಸುತ್ತೇವೆ. ಆಗ ಕಣ್ಣಿಗೆ ಕಾಣದ ಏನೋ ಒಂದು ಕಾಡಿನಿಂದ ನೆಲಕ್ಕೆ ಅಂಟಿಕೊಂಡಂತೆ ಓಡಿ ಬರುತ್ತದೆ. ಬಾಗಿಲು ಒಡೆದು ಮನೆಯೊಳಗೆ ನುಗ್ಗಿ, ಆ ಕಡೆಯಿಂದ ಹೊರಗೆ ಬಂದು, ಹುಡುಗನ ಬೆನ್ನ ಹಿಂದೆಯೇ ಬರುತ್ತದೆ. ಅವನು ತಿರುಗುತ್ತಾನೆ. ಚೀರುತ್ತಾನೆ. ಕಟ್. ಆಮೇಲೆ ಹೆಸರುಗಳ ಹಿಂದೆ ಹಳೇ ಕಾಲದ ಕುಣಿತದ ಸಂಗೀತ, ಏನೂ ಆಗಿಲ್ಲವೇನೋ ಅನ್ನುವ ಹಾಗೆ.

ಆ ಓಡಿ ಬರುವ ‘ಏನೋ’ ಬೇರೇನಲ್ಲ, ಕ್ಯಾಮೆರಾನೇ. ನಿರ್ದೇಶಕ ಸ್ಯಾಮ್ ರೈಮಿ ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಕೈಯಲ್ಲಿ ದುಡ್ಡಿಲ್ಲ. ಮರದ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿ ಇಬ್ಬರು ಹಿಡಿದು ಕಾಡಲ್ಲಿ ಓಡುವುದು ಆ ಸಿನಿಮಾದವರ ಉಪಾಯ.

ಈಗ ಮೋಸದ ವಿಷಯ. ನಮ್ಮಲ್ಲಿ ಅದನ್ನು ಭಾನುವಾರದ ಮಾರ್ನಿಂಗ್ ಶೋ ಹಾಕಿದ್ದರು. ನಾಲ್ಕೈದು ಊರು ಸುತ್ತಿ ಬಂದ ಪ್ರಿಂಟು, ಮೈತುಂಬ ಗೆರೆ. ನಾನಿನ್ನೂ ಹೆಲ್ಪರ್. ಹಿರಿಯ ಆಪರೇಟರು ಟೀ ಕುಡಿಯಲು ಕೆಳಗೆ ಹೋಗಿದ್ದರು. ಹುಡುಗ ಚೀರಿದ, ಪರದೆ ಕಪ್ಪಾಯಿತು, ನನ್ನ ಕೈ ತಾನಾಗೇ ಹಾಲ್ ಲೈಟಿನ ಸ್ವಿಚ್ಚಿಗೆ ಹೋಯಿತು. ಫಿಲಂ ಹರಿದಾಗ ಮಾಡುವ ಕೆಲಸ ಅದು. ಲೈಟ್ ಹಾಕಿದೆ, ಮಿಷನ್ ನಿಲ್ಲಿಸಿದೆ. ಗಾಂಧಿ ಕ್ಲಾಸಿನಿಂದ ಶಿಳ್ಳೆ ಶುರುವಾಯಿತು. ‘ರೀಲ್ ಹಾಕ್ರೋ!’ ಹತ್ತು ಹನ್ನೆರಡು ಜನ ಕ್ಯಾಬಿನ್ ಮೆಟ್ಟಿಲು ಹತ್ತಿಯೇ ಬಿಟ್ಟರು. ಕೊನೇ ರೀಲು ಬಚ್ಚಿಟ್ಟಿದ್ದೀರಿ ಅಂತ ಅವರ ವಾದ. ಅವರ ಅನುಮಾನವೂ ಸುಳ್ಳಲ್ಲ ಬಿಡಿ. ಜನ ರೈಲು ಹಿಡಿಯಲಿ ಅಂತ ಸೆಕೆಂಡ್ ಶೋನಲ್ಲಿ ಒಂದು ಹಾಡು, ಒಂದು ಫೈಟು ಹಾರಿಸುವ ಅಭ್ಯಾಸ ನಮ್ಮ ಟಾಕೀಸಿಗೆ ಇತ್ತು. ಹಿರಿಯರು ಟೀ ಲೋಟ ಹಿಡಿದೇ ಓಡಿ ಬಂದರು. ಮಿಷನ್ನಿನ ಬಾಗಿಲು ತೆಗೆದು ಮೇಲಿನ ಸ್ಪೂಲ್ ತೋರಿಸಿದರು. ಹೆಸರುಗಳ ನಾಲ್ಕು ಸುತ್ತು ಫಿಲಂ ಬಿಟ್ಟರೆ ಏನೂ ಇರಲಿಲ್ಲ. ‘ನೋಡ್ರಪ್ಪಾ, ಇದ್ದದ್ದೇ ಇಷ್ಟು.’

ಗೊಣಗಿಕೊಂಡು ಇಳಿದು ಹೋದರು. ಮುಂದಿನ ಭಾನುವಾರ ಅವರಲ್ಲೇ ಮೂರು ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಮತ್ತೆ ಬಂದರು. ಕೊನೇ ದೃಶ್ಯ ಬಂದಾಗ ನಾನು ಕಿಂಡಿಯಿಂದ ನೋಡುತ್ತಲೇ ಇದ್ದೆ. ಎಲ್ಲರ ತಲೆ ಪರದೆ ಕಡೆ. ಈ ಮೂರು ನಾಲ್ಕು ತಲೆ ಮಾತ್ರ ಪಕ್ಕಕ್ಕೆ, ಗೆಳೆಯರ ಮುಖದ ಕಡೆ. ಮೋಸ ಅಂತಾದರೆ ಅದನ್ನು ಇನ್ನೊಬ್ಬರಿಗೂ ಆಗಲಿ ಅಂತ ದುಡ್ಡು ಕೊಟ್ಟು ಮಾಡಿಸುವವರು ಇರುತ್ತಾರಾ?

ಕೆಲವು ಸಿನಿಮಾಗಳ ದಿಢೀರ್ ಮುಕ್ತಾಯ ವರ್ಷಗಟ್ಟಲೆ ನೆನಪಿರುತ್ತದೆ. ಕೆಲವಕ್ಕೆ ಪರದೆ ಮೇಲೆ ಚಪ್ಪಲಿ ಎಸೆಯುವಷ್ಟು ಸಿಟ್ಟು ಬರುತ್ತದೆ. ಎರಡೂ ಅರ್ಧಕ್ಕೇ ನಿಂತಿರುತ್ತವೆ. ಹಾಗಾದರೆ ವ್ಯತ್ಯಾಸ ಏನು? — ನಿವೃತ್ತ ಶಿಕ್ಷಕಿ, ಮೈಸೂರು

ಮೇಡಂ, ಒಳ್ಳೆ ಪ್ರಶ್ನೆ ಕೇಳಿದಿರಿ. ಎರಡು ಸಿನಿಮಾ ಪಕ್ಕಪಕ್ಕ ಇಟ್ಟು ನೋಡೋಣ.

ಒಂದು, 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’. ಡೇನಿಯಲ್ ಮಿರಿಕ್, ಎಡ್ವಾರ್ಡೊ ಸಾಂಚೆಜ್ ಇಬ್ಬರೂ ಸೇರಿ ನಿರ್ದೇಶಿಸಿದ್ದು. ಮಾಟಗಾತಿಯ ಕಥೆ ಹುಡುಕಿಕೊಂಡು ಅಮೆರಿಕದ ಮೇರಿಲ್ಯಾಂಡ್ ಕಾಡಿಗೆ ಹೋದ ಮೂವರು ವಿದ್ಯಾರ್ಥಿಗಳು ಕಾಣೆಯಾಗುತ್ತಾರೆ. ಅವರ ಕ್ಯಾಮೆರಾದಲ್ಲಿ ಸಿಕ್ಕಿದ್ದೇ ಈ ಸಿನಿಮಾ ಅನ್ನುವ ನೆಪ. ಕೊನೆಯಲ್ಲಿ ಹುಡುಗಿ ಪಾಳುಮನೆಯ ನೆಲಮಾಳಿಗೆಗೆ ಓಡುತ್ತಾಳೆ. ಅಲ್ಲಿ ಗೆಳೆಯ ಗೋಡೆಯ ಮೂಲೆಗೆ ಮುಖ ಮಾಡಿ ಸುಮ್ನೆ ನಿಂತಿದ್ದಾನೆ. ಅಷ್ಟೇ. ಕ್ಯಾಮೆರಾ ಕೆಳಗೆ ಬೀಳುತ್ತದೆ. ಮುಗಿಯಿತು. ರಕ್ತ ಇಲ್ಲ, ಮಾಟಗಾತಿ ಇಲ್ಲ, ಒಂದು ಕೈ ಕೂಡ ಕಾಣುವುದಿಲ್ಲ.

ಮೂಲೆಯಲ್ಲಿ ನಿಂತವನನ್ನು ನೋಡಿ ಮೈ ಝುಂ ಅನ್ನುವುದು ಯಾಕೆ? ಮೇಷ್ಟ್ರು ಶಿಕ್ಷೆ ಕೊಟ್ಟಾಗ ನಾವೂ ಹಾಗೆ ನಿಂತವರೇ ತಾನೆ. ಯಾಕೆಂದರೆ ಸಿನಿಮಾದ ಶುರುವಿನಲ್ಲೇ ಊರಿನವರೊಬ್ಬರು ಒಂದು ಮಾತು ಹೇಳಿರುತ್ತಾರೆ. ಹಿಂದೆ ಮಕ್ಕಳನ್ನು ಕೊಲ್ಲುತ್ತಿದ್ದವನೊಬ್ಬ ಒಂದು ಮಗುವನ್ನು ಮೂಲೆಗೆ ಮುಖ ಮಾಡಿ ನಿಲ್ಲಿಸಿ, ಇನ್ನೊಂದನ್ನು ಕೊಲ್ಲುತ್ತಿದ್ದನಂತೆ. ಆ ಮಾತು ಕೇಳಿ ನಾವು ಮರೆತಿರುತ್ತೇವೆ. ಕೊನೆಯಲ್ಲಿ ಆ ಬೆನ್ನು ಕಂಡ ತಕ್ಷಣ ಅದು ತಾನಾಗೇ ಎದ್ದು ಬರುತ್ತದೆ. ಅವನು ನಿಂತಿದ್ದಾನೆ ಅಂದರೆ, ಈಗ ಸಾಯುವುದು ಇವಳು. ಕಟ್ ಆದ ಮೇಲಿನ ದೃಶ್ಯ ನಮ್ಮ ತಲೆಯಲ್ಲಿ ಓಡುತ್ತದೆ.

ತಮಾಷೆ ಏನೆಂದರೆ, ಮೊದಲು ಸಿನಿಮಾದಲ್ಲಿ ಆ ಮಾತೇ ಇರಲಿಲ್ಲ. ತೋರಿಸಿದಾಗ ಜನರಿಗೆ ಕೊನೆ ಅರ್ಥವಾಗಲಿಲ್ಲ. ಬಿಡುಗಡೆಗೆ ಸಿನಿಮಾ ಕೊಂಡ ಕಂಪನಿಯವರು ಬೇರೆ ಬೇರೆ ಮುಕ್ತಾಯ ಮಾಡಿಸಿದರು. ನಿರ್ದೇಶಕರು ಅವನ್ನು ಮಾಡಿಕೊಟ್ಟರೂ ತಮ್ಮದನ್ನೇ ಉಳಿಸಿಕೊಂಡರು. ಕೊನೆ ಬದಲಾಯಿಸುವ ಬದಲು ಶುರುವಿಗೆ ಆ ಊರಿನವರ ಮಾತು ಸೇರಿಸಿದರು. ಕೊನೆ ಸರಿ ಮಾಡಲು ಶುರುವನ್ನು ರಿಪೇರಿ ಮಾಡಿದ ಬುದ್ಧಿವಂತಿಕೆ ನನಗೆ ತುಂಬಾ ಹಿಡಿಸಿತು.

ಇನ್ನೊಂದು ಗುಟ್ಟು, ಇದು ಆಪರೇಟರ್ ಕಿವಿಗೆ ಬೇಗ ಹತ್ತುತ್ತದೆ. ಕೊನೆಯಲ್ಲಿ ಹುಡುಗಿಯ ಕೈಯಲ್ಲಿರುವುದು 16 ಎಂಎಂ ಫಿಲಂ ಕ್ಯಾಮೆರಾ. ಅದು ಚಿತ್ರ ಹಿಡಿಯುತ್ತದೆ, ಸದ್ದು ಹಿಡಿಯುವುದಿಲ್ಲ. ಸದ್ದು ಬರುತ್ತಿರುವುದು ಕೆಳಗೆ ಇರುವ ಗೆಳೆಯನ ವಿಡಿಯೋ ಕ್ಯಾಮೆರಾದಿಂದ. ಹಾಗಾಗಿ ನಾವು ಅವಳ ಕಣ್ಣಿನಿಂದ ನೋಡುತ್ತೇವೆ, ಆದರೆ ಅವಳ ಚೀರಾಟ ಮಾತ್ರ ಎಲ್ಲೋ ದೂರದಿಂದ ಕೇಳುತ್ತದೆ. ಅವಳು ಮೆಟ್ಟಿಲು ಇಳಿದಂತೆ ಜೋರಾಗುತ್ತದೆ. ಏನೋ ತಪ್ಪಿದೆ ಅಂತ ನೋಡುವವರಿಗೆ ಅನ್ನಿಸುತ್ತದೆ, ಏನು ಅಂತ ಹೇಳಲಾಗುವುದಿಲ್ಲ. ಮಗನ ಲ್ಯಾಪ್‌ಟಾಪಿನಲ್ಲಿ ಆ ಐದು ನಿಮಿಷವನ್ನು ನಾನು ಏಳೆಂಟು ಸಲ ಹಿಂದೆ ಮುಂದೆ ಮಾಡಿ ನೋಡಿದ್ದೇನೆ. ಮೂರನೇ ಸಲಕ್ಕೆ ಮಗ ಎದ್ದು ಹೋದ.

ಈಗ ಎರಡನೆಯದು. 2012ರ ಜನವರಿಯಲ್ಲಿ ಬಂದ ‘ದಿ ಡೆವಿಲ್ ಇನ್‌ಸೈಡ್’. ಮೈಮೇಲೆ ದೆವ್ವ ಬಂದವರು, ಪಾದ್ರಿಗಳು, ಬಿಡಿಸುವ ಕ್ರಿಯೆ. ಕೊನೆಯಲ್ಲಿ ಎಲ್ಲರೂ ಕಾರಿನಲ್ಲಿ ಹೋಗುತ್ತಿದ್ದಾರೆ. ಕಾರು ಅಪಘಾತವಾಗುತ್ತದೆ. ಕಪ್ಪು. ಆಮೇಲೆ ಪರದೆ ಮೇಲೆ ಒಂದು ಬರಹ: ಪ್ರಕರಣದ ಬಗ್ಗೆ ಹೆಚ್ಚಿಗೆ ತಿಳಿಯಲು ಇಂಥ ವೆಬ್‌ಸೈಟ್ ನೋಡಿ! ಊಟಕ್ಕೆ ಕರೆದು, ಎಲೆ ಹಾಕಿ, ಅನ್ನ ಪಕ್ಕದ ಬೀದಿಯಲ್ಲಿ ಸಿಗುತ್ತದೆ ಅಂದ ಹಾಗೆ. ಅಮೆರಿಕದ ಥಿಯೇಟರುಗಳಲ್ಲಿ ಜನ ಕೂತಲ್ಲೇ ಕೂಗಿ ಛೀಮಾರಿ ಹಾಕಿದರು. ಹೊರಬರುವ ಪ್ರೇಕ್ಷಕರಿಂದ ಅಂಕ ಕೇಳುವ ಸಿನಿಮಾಸ್ಕೋರ್ ಎಂಬ ಸಂಸ್ಥೆ ಅಲ್ಲಿದೆ. ಅಲ್ಲಿ ಈ ಸಿನಿಮಾಕ್ಕೆ ಸಿಕ್ಕಿದ್ದು ‘ಎಫ್’, ಅಂದರೆ ನಪಾಸು. ಮೊದಲ ಮೂರು ದಿನಕ್ಕೆ ಅಮೆರಿಕದಲ್ಲಿ 3 ಕೋಟಿ 30 ಲಕ್ಷ ಡಾಲರ್ ಮೇಲೆ ಬಾಚಿದ ಸಿನಿಮಾ, ಪೂರಾ ಓಟ ಮುಗಿಸಿದಾಗ ಅಲ್ಲಿ ಗಳಿಸಿದ್ದು ಸುಮಾರು 5 ಕೋಟಿ 30 ಲಕ್ಷ. ಮೊದಲ ವಾರ ನೋಡಿದವರು ಮನೆಗೆ ಹೋಗಿ ಏನು ಹೇಳಿರಬಹುದು ಅಂತ ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಆ ಕಾರು ಡಿಕ್ಕಿಯಾಗುವುದಕ್ಕೂ ಅದಕ್ಕಿಂತ ಮುಂಚಿನ ಒಂದು ಗಂಟೆಗೂ ಗಂಟು ಬಿದ್ದಿಲ್ಲ. ಕಪ್ಪಾದ ಮೇಲೆ ತಲೆಯಲ್ಲಿ ಓಡಲು ಏನೂ ಇಲ್ಲ. ಮೂಲೆಯಲ್ಲಿ ನಿಂತ ಹುಡುಗನ ಹಿಂದೆ ಒಂದು ಇಡೀ ಕಥೆ ಇದೆ. ಇಲ್ಲಿರುವುದು ಬರೀ ಫಿಲಂ ಹರಿದದ್ದು. ಹರಿದ ಫಿಲಂಗೆ ಜನ ಶಿಳ್ಳೆ ಹಾಕುವುದು ಅರಸೀಕೆರೆಯಲ್ಲೂ ಒಂದೇ, ಅಮೆರಿಕದಲ್ಲೂ ಒಂದೇ.

‘ಕ್ಯಾರಿ’ ಸಿನಿಮಾದ ಕೊನೆಯಲ್ಲಿ ಸಮಾಧಿಯಿಂದ ಬರುವ ಕೈ ಯಾರದು? ಡೂಪಾ? — ಓದುಗರು, ಗದಗ

ಡೂಪಲ್ಲ, ನಾಯಕಿ ಸಿಸ್ಸಿ ಸ್ಪೇಸೆಕ್ ಅವರದೇ ಕೈ. ತಾನೇ ಮಾಡುತ್ತೇನೆ ಅಂತ ಹಟ ಹಿಡಿದು ಮಣ್ಣಿನಡಿ ಕೂತರಂತೆ. 1976ರ ಸಿನಿಮಾ, ನಿರ್ದೇಶಕ ಬ್ರಯಾನ್ ಡಿ ಪಾಮಾ. ಆ ಸಮಾಧಿಗೆ ಹೂವು ಹಿಡಿದು ನಡೆದು ಬರುವ ಇನ್ನೊಬ್ಬ ಹುಡುಗಿಯನ್ನು ಹಿಂದಕ್ಕೆ ನಡೆಸಿ ಶೂಟ್ ಮಾಡಿ, ಫಿಲಂ ಉಲ್ಟಾ ಓಡಿಸಿದ್ದಾರೆ. ಕನಸಿನ ನಡಿಗೆ ಕಾಣಲಿ ಅಂತ. ಮುಂದಿನ ಸಲ ನೋಡುವಾಗ ಹಿಂದೆ ರಸ್ತೆಯಲ್ಲಿ ಹೋಗುವ ಕಾರು ಗಮನಿಸಿ. ರಿವರ್ಸಲ್ಲಿ ಹೋಗುತ್ತಿರುತ್ತದೆ!

ಸೆಕೆಂಡ್ ಶೋ ಮುಗಿಸಿ ಬೈಕಲ್ಲಿ ಬರುವಾಗ ಹಿಂದಿನ ಸೀಟಿನಲ್ಲಿ ಯಾರೋ ಕೂತ ಹಾಗೆ ಆಗುತ್ತದೆ ಸಾರ್. ದೆವ್ವ ಸತ್ತು ಮುಗಿಯುವ ಸಿನಿಮಾಗೆ ಹೀಗಾಗಲ್ಲ. ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಮಾತ್ರ. ಯಾಕೆ? — ಮೆಡಿಕಲ್ ರೆಪ್, ಧಾರವಾಡ

ನನಗೂ ಆಗುತ್ತಿತ್ತು. ನನ್ನದು ಸೈಕಲ್, ಕ್ಯಾರಿಯರ್ ಮೇಲೆ ಊಟದ ಡಬ್ಬಿ. ಊರ ಹೊರಗೆ ಎರಡು ಹುಣಸೆ ಮರ. ಅಲ್ಲಿಗೆ ಬಂದಾಗ ಡಬ್ಬಿ ಸದ್ದು ಮಾಡಿದರೂ ಹಿಂದೆ ನೋಡುತ್ತಿರಲಿಲ್ಲ. ನೆನಪಿಡಿ, ಅದೇ ಸಿನಿಮಾವನ್ನು ನಾನೇ ದಿನಕ್ಕೆ ನಾಲ್ಕು ಸಲ ಓಡಿಸಿದ್ದೆ.

ಡಾಲ್ಫ್ ಜಿಲ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಇದಕ್ಕೆ ಒಂದು ವಿವರಣೆ ಕೊಟ್ಟಿದ್ದಾರೆ. ಹೆದರಿದಾಗ ಎದೆ ಬಡಿತ ಏರುತ್ತದೆ, ಕೈ ಬೆವರುತ್ತದೆ. ದೃಶ್ಯ ಮುಗಿದ ಕ್ಷಣಕ್ಕೆ ಇದು ಇಳಿಯುವುದಿಲ್ಲ, ನಿಧಾನವಾಗಿ ಆರುತ್ತದೆ. ಆ ಉಳಿದ ಬಿಸಿ ಮುಂದೆ ಬರುವ ಭಾವನೆಗೆ ಸೇರಿಕೊಳ್ಳುತ್ತದೆ. ದೆವ್ವ ಸತ್ತು ಎಲ್ಲರೂ ಮನೆ ಸೇರಿದರೆ ನಮ್ಮ ಹೆದರಿಕೆಯೆಲ್ಲ ಖುಷಿಗೆ ಸೇರಿ, ಖುಷಿ ಡಬಲ್ ಆಗುತ್ತದೆ. ಹೆದರಿದಷ್ಟೂ ಕೊನೆಯಲ್ಲಿ ಹಾಯೆನಿಸುವುದು ಅದಕ್ಕೇ. ದಿಢೀರ್ ಕಟ್ ಮಾಡಿದರೆ ಆ ಬಿಸಿಗೆ ಸೇರಲು ಜಾಗವೇ ಇಲ್ಲ. ಅದನ್ನು ನೀವು ಹೊತ್ತುಕೊಂಡೇ ಬೈಕ್ ಸ್ಟ್ಯಾಂಡಿಗೆ ಬರುತ್ತೀರಿ. ಆಮೇಲೆ ಸಿಕ್ಕ ನಾಯಿ, ಗೋಣಿಚೀಲ, ಕರೆಂಟ್ ಕಂಬ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಂಚುತ್ತೀರಿ.

ಮುಗಿಯದ ಕೆಲಸ ಹೆಚ್ಚು ನೆನಪಿರುತ್ತದೆ ಅಂತ ಬರ್ಲಿನ್ನಿನಲ್ಲಿ ಬ್ಲೂಮಾ ಜೈಗಾರ್ನಿಕ್ ಅನ್ನುವವರು 1927ರಲ್ಲೇ ಬರೆದಿದ್ದರು. ಸಿನಿಮಾ ಬಗ್ಗೆ ಬರೆಯುವವರು ಅದನ್ನು ಎಲ್ಲ ಕಡೆ ಉಲ್ಲೇಖಿಸುತ್ತಾರೆ. ಆಮೇಲೆ ಅದೇ ಪ್ರಯೋಗ ಮಾಡಿದ ಎಲ್ಲರಿಗೂ ಅದೇ ಉತ್ತರ ಸಿಗಲಿಲ್ಲ. ಹಾಗಾಗಿ ನನ್ನ ಓಟು ಜಿಲ್ಮನ್ ಅವರಿಗೆ. ಹುಣಸೆ ಮರದ ಕೆಳಗೆ ನನಗೆ ಏನೂ ನೆನಪಿರುತ್ತಿರಲಿಲ್ಲ, ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು.

ನನ್ನ ಮಗನಿಗೆ 9 ವರ್ಷ. ಅಣ್ಣಂದಿರ ಜೊತೆ ಮೊಬೈಲಲ್ಲಿ ಅಂಥದ್ದೊಂದು ಸಿನಿಮಾ ನೋಡಿ ಎರಡು ವಾರದಿಂದ ಒಬ್ಬನೇ ಮಲಗುತ್ತಿಲ್ಲ. ‘ಆಮೇಲೆ ಏನಾಯ್ತು’ ಅಂತ ರಾತ್ರಿ ಎದ್ದು ಕೇಳುತ್ತಾನೆ. ಏನು ಮಾಡಲಿ? — ತಾಯಿ, ಶಿವಮೊಗ್ಗ

ಅಮ್ಮಾ, ಮೊದಲು ಬೈಯಬೇಡಿ. ‘ಅದೆಲ್ಲ ಸುಳ್ಳು ಮಲಕ್ಕೋ’ ಅಂತಲೂ ಅನ್ನಬೇಡಿ, ಸುಳ್ಳು ಅಂತ ಅವನಿಗೂ ಗೊತ್ತು. ಅಮೆರಿಕದಲ್ಲಿ ಜೋನ್ ಕ್ಯಾಂಟರ್ ಅನ್ನುವವರು ಮಕ್ಕಳು ಮತ್ತು ಪರದೆಯ ಹೆದರಿಕೆ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 1999ರಲ್ಲಿ ಅವರು ಮತ್ತೊಬ್ಬರು ಸೇರಿ ಸುಮಾರು 150 ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ, ಹತ್ತರಲ್ಲಿ ಒಂಬತ್ತು ಜನ ಚಿಕ್ಕಂದಿನಲ್ಲಿ ಹಾಗೆ ಹೆದರಿದ್ದನ್ನು ನೆನಪಿಸಿಕೊಂಡರು. ನಾಲ್ಕರಲ್ಲಿ ಒಬ್ಬರಿಗೆ ಆ ಅಳುಕು ಇನ್ನೂ ಉಳಿದಿತ್ತು. ನಿಮ್ಮ ಮಗನಲ್ಲಿ ವಿಚಿತ್ರ ಏನೂ ಇಲ್ಲ.

ಅವರು ಹೇಳುವ ಒಂದು ಮಾತು ಉಪಯೋಗಕ್ಕೆ ಬರುತ್ತದೆ. ತೀರಾ ಚಿಕ್ಕ ಮಕ್ಕಳಿಗೆ ವಿವರಣೆ ನಾಟುವುದಿಲ್ಲ. ಅಪ್ಪಿಕೊಳ್ಳುವುದು, ನೀರು ಕೊಡುವುದು, ಪಕ್ಕದಲ್ಲಿ ಕೂರುವುದು ಬೇಕು. ಅದಕ್ಕಿಂತ ದೊಡ್ಡವರಿಗೆ ಹೇಗೆ ಮಾಡಿದರು ಅಂತ ಬಿಡಿಸಿ ಹೇಳಿದರೆ ಕೆಲಸ ಮಾಡುತ್ತದೆ. ನಿಮ್ಮವನಿಗೆ 9. ಹಗಲು ಹೊತ್ತು, ಅಡುಗೆಮನೆಯಲ್ಲಿ ದೋಸೆ ತಿನ್ನುವಾಗ, ಆ ಕೈ ಯಾರದು, ರಕ್ತ ಯಾವ ಬಣ್ಣದ ನೀರು ಅಂತ ಮಾತಾಡಿ. ‘ಆಮೇಲೆ ಏನಾಯ್ತು’ ಅಂದರೆ ನೀವು ಹೇಳಬೇಡಿ, ಅವನ ಕೈಲೇ ಹೇಳಿಸಿ. ನನ್ನ ಮಗಳು ಚಿಕ್ಕವಳಿದ್ದಾಗ ಹೀಗೇ ಆಗಿತ್ತು. ಅವಳ ಕಥೆಯಲ್ಲಿ ದೆವ್ವವನ್ನು ತಿಪಟೂರಿನ ಬಸ್ಸು ಹತ್ತಿಸಿ ಕಳಿಸಿದಳು. ಆಮೇಲೆ ನಿದ್ದೆ ಬಂತು. ತಿಪಟೂರಿನವರು ಕ್ಷಮಿಸಬೇಕು.

ಎರಡು ವಾರ ಅಂದಿರಿ. ಸ್ಕೂಲಿಗೆ ಹೋಗಲೂ ಹೆದರುತ್ತಿದ್ದರೆ, ಊಟ ಬಿಟ್ಟಿದ್ದರೆ, ಮಕ್ಕಳ ಡಾಕ್ಟರಿಗೆ ಒಂದು ಮಾತು ಹೇಳಿ. ನಾನು ಲೈಟ್ ಸ್ವಿಚ್ಚಿನ ಡಾಕ್ಟರು ಮಾತ್ರ. ಮತ್ತೆ, ಈಗ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಯು/ಎ ಜೊತೆ 7+, 13+, 16+ ಅಂತ ವಯಸ್ಸು ಬರೆಯುತ್ತಾರೆ. ಅಣ್ಣಂದಿರಿಗೆ ಅದನ್ನು ತೋರಿಸಿ.

ಯೂಟ್ಯೂಬಿಗೆ ಹತ್ತು ನಿಮಿಷದ ದೆವ್ವದ ಕಿರುಚಿತ್ರ ಮಾಡುತ್ತಿದ್ದೇವೆ. ಕೊನೇ ಕಟ್ ಎಲ್ಲಿ ಇಡಬೇಕು? — ಹುಡುಗರ ಗುಂಪು, ಉಡುಪಿ

1974ರ ‘ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ಕೊನೇ ನಿಮಿಷ ನೋಡಿ. ನಿರ್ದೇಶಕ ಟೋಬ್ ಹೂಪರ್. ಹುಡುಗಿ ಪಿಕಪ್ ಗಾಡಿಯ ಹಿಂದೆ ಹತ್ತಿ ತಪ್ಪಿಸಿಕೊಂಡಳು. ಅಳುತ್ತಿದ್ದಾಳಾ ನಗುತ್ತಿದ್ದಾಳಾ ಗೊತ್ತಾಗುವುದಿಲ್ಲ. ಕೊಲೆಗಾರ ರಸ್ತೆ ಮಧ್ಯೆ ಸೂರ್ಯೋದಯದ ಬೆಳಕಿನಲ್ಲಿ ಗರಗಸದ ಮಿಷನ್ ಹಿಡಿದು ಗರಗರ ತಿರುಗುತ್ತಿದ್ದಾನೆ. ಆ ತಿರುಗು ಮುಗಿಯುವ ಮುಂಚೆಯೇ ಕಟ್. ಕೈ ಕೆಳಗಿಳಿದ ಮೇಲೆ ಕಟ್ ಮಾಡಿದ್ದರೆ ಅವನಿಗೆ ಸುಸ್ತಾಯಿತು ಅಂತಾಗುತ್ತಿತ್ತು. ಮಧ್ಯೆ ಕಟ್ ಮಾಡಿದ್ದರಿಂದ ಅವನು ಇವತ್ತಿಗೂ ಅಲ್ಲೇ ತಿರುಗುತ್ತಿದ್ದಾನೆ.

ನಿಮಗೆ ನನ್ನ ಸಲಹೆ ಇಷ್ಟೇ. ಸರಿಯಾದ ಜಾಗ ಅಂತ ಅನ್ನಿಸಿದ ಕಡೆಯಿಂದ ಹನ್ನೆರಡು ಫ್ರೇಮ್ ಹಿಂದಕ್ಕೆ ಬನ್ನಿ. ಅಂದರೆ ಅರ್ಧ ಸೆಕೆಂಡು. ಆಮೇಲೆ ಸದ್ದು. ಚಿತ್ರ ಹೋದ ಮೇಲೂ ಢಂ ಅಂತ ಮ್ಯೂಸಿಕ್ ಇಟ್ಟರೆ ಅದು ‘ಹೆದರಿಕೊಳ್ಳಿ’ ಅಂತ ಬೋರ್ಡ್ ಹಾಕಿದ ಹಾಗೆ. ಎರಡನ್ನೂ ಒಟ್ಟಿಗೆ ಕತ್ತರಿಸಿ ನೋಡಿ. ಸಿನಿಮಾ ಆದ ಮೇಲೆ ಲಿಂಕ್ ಕಳಿಸಿ, ಹಗಲು ಹೊತ್ತು ನೋಡುತ್ತೇನೆ.

‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ನಾನು ನೋಡಿದ್ದರಲ್ಲಿ ಒಂದು ಕೊನೆ, ಗೆಳೆಯ ನೋಡಿದ್ದರಲ್ಲಿ ಇನ್ನೊಂದು. ಯಾವುದು ನಿಜ? — ಓದುಗರು, ತುಮಕೂರು

ಎರಡೂ ನಿಜ, ಮೂರನೆಯದೂ ಒಂದಿದೆ. ಓರೆನ್ ಪೆಲಿ ಅದನ್ನು ಸ್ಯಾನ್ ಡಿಯಾಗೋದ ತಮ್ಮ ಸ್ವಂತ ಮನೆಯಲ್ಲಿ, ಸುಮಾರು 15,000 ಡಾಲರ್ ಖರ್ಚಿನಲ್ಲಿ ಮಾಡಿದ್ದರು. 2007ರಲ್ಲಿ ಮೊದಲು ತೋರಿಸಿದಾಗ ಕೊನೆಯಲ್ಲಿ ಪೊಲೀಸರು ಬರುತ್ತಿದ್ದರು. 2009ರಲ್ಲಿ ಥಿಯೇಟರಿಗೆ ಬಂದದ್ದರಲ್ಲಿ ನಾಯಕಿ ಕ್ಯಾಮೆರಾ ಮೇಲೇ ಎರಗುತ್ತಾಳೆ, ಕಪ್ಪು. ಈ ಸಲಹೆ ಸ್ಟೀವನ್ ಸ್ಪೀಲ್‌ಬರ್ಗ್ ಅವರದು. ಜನ ಕೂಗಿಕೊಂಡಿದ್ದು ಇದಕ್ಕೇ, ಆದರೆ ನನಗೆ ಪೊಲೀಸರ ಕೊನೆಯೇ ಇಷ್ಟ. ಎರಗುವುದು ಬೆಕ್ಕಿಗೂ ಬರುತ್ತದೆ.

ಇದಕ್ಕಿಂತ ವಿಚಿತ್ರ ‘ದಿ ಡಿಸೆಂಟ್’ ಕಥೆ. ಗುಹೆಯೊಳಗೆ ಸಿಕ್ಕಿಕೊಂಡ ಹೆಂಗಸರು. 2005ರಲ್ಲಿ ಇಂಗ್ಲೆಂಡಿನಲ್ಲಿ ತೋರಿಸಿದ್ದರಲ್ಲಿ ನಾಯಕಿ ಹೊರಗೆ ಬಂದು ಕಾರು ಹತ್ತುತ್ತಾಳೆ, ಪಕ್ಕದಲ್ಲಿ ಸತ್ತ ಗೆಳತಿ ಕಂಡು ಬೆಚ್ಚುತ್ತಾಳೆ, ಮತ್ತೆ ನೋಡಿದರೆ ಗುಹೆಯಲ್ಲೇ ಇದ್ದಾಳೆ. ಹೊರಗೆ ಬಂದದ್ದೆಲ್ಲ ಕನಸು. ಮುಂದಿನ ವರ್ಷ ಅಮೆರಿಕದಲ್ಲಿ ಕೊನೇ ಒಂದು ನಿಮಿಷದಷ್ಟು ತೆಗೆದು, ಕಾರಿನಲ್ಲಿ ಬೆಚ್ಚಿದಲ್ಲಿಗೇ ಕಟ್ ಮಾಡಿದರು. ನೋಡಿ, ದಿಢೀರ್ ಕಟ್ ಇರುವುದು ಅಮೆರಿಕದ ಪ್ರಿಂಟಿನಲ್ಲಿ. ಆದರೆ ಅದರಲ್ಲಿ ಅವಳು ಹೊರಗಾದರೂ ಇದ್ದಾಳೆ. ಕತ್ತರಿಯೇ ಕರುಣೆ ತೋರಿಸಿದ ಒಂದೇ ಉದಾಹರಣೆ ನನಗೆ ಗೊತ್ತಿರುವುದು ಇದು.

ಟ್ರೇಲರ್ ನೋಡಿ ಹೋಗೋದು ಒಳ್ಳೇದಾ? — ಓದುಗರು, ಬಳ್ಳಾರಿ

ದೆವ್ವದ ಸಿನಿಮಾಕ್ಕೆ ಖಂಡಿತ ಬೇಡ. 2007ರಲ್ಲಿ ಸ್ಪೇನಿನಲ್ಲಿ ‘ರೆಕ್’ ಅಂತ ಬಂತು. ಕೊನೆಯಲ್ಲಿ ಟಿವಿ ವರದಿಗಾರ್ತಿಯನ್ನು ಏನೋ ಒಂದು ಕತ್ತಲಿಗೆ ಎಳೆದುಕೊಂಡು ಹೋಗುತ್ತದೆ. ಅದನ್ನೇ ಅಮೆರಿಕದವರು 2008ರಲ್ಲಿ ‘ಕ್ವಾರಂಟೈನ್’ ಅಂತ ಮಾಡಿದರು. ಆ ಎಳೆದುಕೊಂಡು ಹೋಗುವ ಕೊನೇ ಶಾಟನ್ನೇ ಪೋಸ್ಟರಿನಲ್ಲೂ ಟ್ರೇಲರಿನಲ್ಲೂ ಹಾಕಿಬಿಟ್ಟರು! ಪೋಸ್ಟರ್ ಅಂಟಿಸುವ ಹುಡುಗನಿಗೂ ಕೊನೆ ಗೊತ್ತು.

ಕನ್ನಡದಲ್ಲಿ ಯಾಕೆ ಇಂಥ ಕೊನೆ ಕಡಿಮೆ? ನಮ್ಮವರಿಗೆ ಧೈರ್ಯ ಇಲ್ಲವಾ? — ಓದುಗರು, ಬೆಂಗಳೂರು

ಧೈರ್ಯದ ಪ್ರಶ್ನೆ ಅಲ್ಲ ಸ್ವಾಮಿ, ‘ಶುಭಂ’ ಪ್ರಶ್ನೆ. ರಾತ್ರಿಯಿಡೀ ಬಯಲಾಟ ನೋಡಿದವರು ಬೆಳಗ್ಗೆ ಮಂಗಳ ಹಾಡುವ ತನಕ ಏಳುತ್ತಿರಲಿಲ್ಲ. ಅಷ್ಟು ರಾಕ್ಷಸರು ಕುಣಿದ ಮೇಲೆ ಮಂಗಳ ಕೇಳದೆ ಮನೆಗೆ ಹೋಗುವುದು ಹೇಗೆ? ಸಿನಿಮಾಕ್ಕೂ ಅದೇ ಬಂತು. 1979ರ ‘ನಾ ನಿನ್ನ ಬಿಡಲಾರೆ’ ನೋಡಿ, ಅನಂತ್ ನಾಗ್, ಲಕ್ಷ್ಮಿ ಇರುವುದು. ಹೆಸರು ಕೇಳಿದರೇ ಮೈ ನಡುಗುತ್ತಿತ್ತು. ಆದರೂ ರಾಯರಿದ್ದಾರೆ ಅನ್ನುವ ನಂಬಿಕೆ ಆ ಕಥೆಯ ಒಳಗೇ ಇದೆ. 2004ರ ‘ಆಪ್ತಮಿತ್ರ’ದಲ್ಲಿ ದೇವರ ಜೊತೆಗೆ ಡಾಕ್ಟರೂ ಬಂದರು. ಎಲ್ಲ ಬಿಡಿಸಿ ಹೇಳಿ, ಸರಿ ಮಾಡಿಯೇ ಕಳಿಸಿದರು. 2013ರಲ್ಲಿ ‘6-5=2’ ಬಂತು, ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕಿದ್ದು ಅನ್ನುವ ರೂಪದಲ್ಲಿ. ಅಲ್ಲಿಗೆ ನಮ್ಮಲ್ಲೂ ಆ ದಾರಿ ತೆರೆಯಿತು.

ಆದರೆ ಪರದೆಯ ಹೊರಗೆ ನಮ್ಮವರು ಕೊನೆಯಿಲ್ಲದ ದೆವ್ವದ ಕಥೆಯಲ್ಲಿ ಯಾರಿಗೂ ಕಡಿಮೆ ಇಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದದ್ದು ನೆನಪಿದೆಯಾ? ದೆವ್ವ ಬರುತ್ತದೆ, ಓದುತ್ತದೆ, ಹೋಗುತ್ತದೆ. ನಾಳೆ ಮತ್ತೆ ಬರುತ್ತದೆ. ದಿನಾ ಇದೇ. ನಮ್ಮ ಬೀದಿಯಲ್ಲಿ ಒಂದು ಮನೆಯ ಬಾಗಿಲಿಗೆ ಮೂರು ಸಲ ಬಣ್ಣ ಹೊಡೆದರು, ಆ ಎರಡು ಪದದ ಸುತ್ತ ಮಾತ್ರ ಬ್ರಷ್ಷು ಹೋಗಲಿಲ್ಲ.

ಮನೆಯಲ್ಲಿ ಒಟಿಟಿಯಲ್ಲಿ ನೋಡಿದರೆ ಇಂಥ ಕೊನೆ ಸಪ್ಪೆ ಅನ್ನಿಸುತ್ತೆ. ಥಿಯೇಟರಿನಲ್ಲಿ ಏನಿತ್ತು ಅಂಥದ್ದು? ಕಪ್ಪಾದ ಎಷ್ಟು ಹೊತ್ತಿಗೆ ನೀವು ಲೈಟ್ ಹಾಕ್ತಿದ್ದಿರಿ? — ಓದುಗರು, ಚಿಕ್ಕಮಗಳೂರು

ಮನೆಯಲ್ಲಿ ಕೆಳಗೆ ಒಂದು ಗೆರೆ ಕಾಣುತ್ತದೆ, ಇನ್ನು ಎರಡು ನಿಮಿಷ ಬಾಕಿ ಅಂತ. ಕ್ಯಾಬಿನ್ನಿನಲ್ಲಿ ಅದು ನನಗೊಬ್ಬನಿಗೇ ಗೊತ್ತಿತ್ತು, ಮೇಲಿನ ಸ್ಪೂಲ್ ತೆಳ್ಳಗಾಗುವುದು ನೋಡಿ. ಈಗ ಎಲ್ಲರೂ ಆಪರೇಟರುಗಳೇ. ಇನ್ನು ಕಪ್ಪಾದ ಮೂರನೇ ಸೆಕೆಂಡಿಗೆ ಚಿತ್ರ ಮೂಲೆಗೆ ಸಣ್ಣದಾಗಿ ಹೋಗಿ, ಮುಂದಿನ ಸಿನಿಮಾದ ಜಾಹೀರಾತು ಬರುತ್ತದೆ. ಕಪ್ಪು ಕೂಡ ಸಿನಿಮಾನೇ ಅಂತ ಅವರಿಗೆ ಯಾರೂ ಹೇಳಿಲ್ಲ. 2007ರ ಜೂನ್ 10ರಂದು ಅಮೆರಿಕದಲ್ಲಿ ‘ಸೊಪ್ರಾನೋಸ್’ ಅನ್ನುವ ಧಾರಾವಾಹಿ ಹೀಗೇ ದಿಢೀರಂತ ಮುಗಿಯಿತು. ದೆವ್ವದ್ದಲ್ಲ, ರೌಡಿಗಳದ್ದು. ಸುಮಾರು ಹತ್ತು ಸೆಕೆಂಡು ಬರೀ ಕಪ್ಪು. ಎಷ್ಟೋ ಮಂದಿ ಕೇಬಲ್ ಹೋಯಿತು ಅಂತ ಎದ್ದು ಟಿವಿ ತಟ್ಟಿದರು. ನಮ್ಮ ಲೆಕ್ಕದಲ್ಲಿ ಹತ್ತು ಸೆಕೆಂಡ್ ಅಂದರೆ ಹದಿನೈದು ಅಡಿ ಫಿಲಂ.

ಆ ‘ಈವಿಲ್ ಡೆಡ್’ ಬೈಗುಳ ತಿಂದ ಮೇಲೆ ನಾನು ಒಂದು ಪದ್ಧತಿ ಮಾಡಿಕೊಂಡೆ. ಗೇಟ್ ಕೀಪರಿಗೂ ಹೇಳಿದೆ, ಬಾಗಿಲು ಮುಂಚೆ ತೆಗೆಯಬೇಡ ಮಾರಾಯ, ಮಧ್ಯಾಹ್ನದ ಬಿಸಿಲು ಒಳಗೆ ಬಿದ್ದರೆ ದೆವ್ವ ಎಲ್ಲಿ ಉಳಿಯುತ್ತದೆ. ಪರದೆ ಕಪ್ಪಾದ ಮೇಲೆ ಸ್ವಿಚ್ ಮೇಲೆ ಕೈ ಇಟ್ಟು ಕಾಯುತ್ತಿದ್ದೆ. ಒಳ್ಳೆ ಸಿನಿಮಾ ಆದರೆ ಹಾಲ್ ಪೂರ್ತಿ ಉಸಿರು ಹಿಡಿದಿರುತ್ತದೆ. ಆಮೇಲೆ ಎಲ್ಲೋ ಒಬ್ಬರು ಕೆಮ್ಮುತ್ತಾರೆ. ಆಗ ಲೈಟ್.

ಒಂದು ಮಳೆಗಾಲದ ಸೆಕೆಂಡ್ ಶೋ. ಕಪ್ಪಾಯಿತು. ಕಾದೆ. ಯಾರೂ ಕೆಮ್ಮಲಿಲ್ಲ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಇಷ್ಟು ವರ್ಷದಲ್ಲಿ ಇಂಥ ಶೋ ಆಗಿಲ್ಲ ಅಂತ ಹೆಮ್ಮೆಯಿಂದ ಲೈಟ್ ಹಾಕಿದೆ. ಹಾಲಲ್ಲಿ ಒಬ್ಬನೇ ಒಬ್ಬ ಇದ್ದ. ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ಟವೆಲ್ ಹೊದ್ದು ಮಲಗಿದ್ದ. ಉಳಿದವರೆಲ್ಲ ಇಂಟರ್‌ವಲ್ಲಿಗೇ ರೈಲು ಹಿಡಿಯಲು ಹೋಗಿದ್ದರು.